ಪಿಳ್ಳಪ್ಪನವರ ಏಳು ಅಡಿ

ಕರಡಿಬಂಡೆಯ ಕೆಳಗಿನ ಊರು, ಮೇ ಮೂವತ್ತೆರಡು, ೨೩೪೧

ಮಾನ್ಯ ನಾಗವೇಣಿಯವರೇ,

ತಾರೀಖು ತಪ್ಪಲ್ಲ. ಬೇಸಿಗೆಯ ಮದುವೆಗಳಿಗೆ ದಿನ ಸಾಲದೆ ನಾವು ಮೇ ತಿಂಗಳನ್ನು ಎರಡು ದಿನ ಎಳೆದುಕೊಂಡಿದ್ದೇವೆ. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ಹಳೆಯ ಕಡತ ಓದಿ ಕಲಿತವಳು ನಾನು. ಹೆಸರು ಬಯ್ಯಮ್ಮ. ಕೆಲಸ ಹರಿಗಣಿ ನೋಡುವುದು. ಗುಡ್ಡದ ಮೇಲೆ ಬಿದ್ದ ಮಳೆಯಲ್ಲಿ ಎಷ್ಟು ಇಂಗುತ್ತದೆ, ಎಷ್ಟು ಹಳ್ಳಕ್ಕೆ ಇಳಿಯುತ್ತದೆ, ಯಾವ ಹೊತ್ತಿಗೆ ಎಂದು ಮುಂಚೆಯೇ ಹೇಳುವ ಯಂತ್ರಕ್ಕೆ ನಾವು ಹಾಗೆನ್ನುತ್ತೇವೆ. ನೀವು ಈಗ ಕಂಪ್ಯೂಟರಿನಲ್ಲಿ ಕಟ್ಟುತ್ತಿರುವ ಮಾದರಿಯ ಮರಿಮಗಳು ಅದು ಎನ್ನಿ.

ಬೇಸಿಗೆಯಲ್ಲಿ ನಮ್ಮ ಮದುವೆ ಊಟವೆಲ್ಲ ಒಣ ಹಳ್ಳದೊಳಗೇ. ಮರಳು ತಂಪು, ಎರಡೂ ದಡದಲ್ಲಿ ಹೊಂಗೆಯ ನೆರಳು, ಪಂಕ್ತಿ ಎಷ್ಟು ಉದ್ದ ಬೇಕಾದರೂ ಹಾಕಬಹುದು. ಆದರೆ ಹಳ್ಳ ಬರುವುದಿಲ್ಲ ಎಂದು ನಾನು ಹೇಳಿದ ಮೇಲೆಯೇ ಎಲೆ ಹಾಕುವುದು.

ಇವತ್ತಿನ ಮದುವೆ ನನ್ನ ಮಗಳು ಅಲಮೇಲುವಿನದೇ. ಆರುನೂರು ಜನ ಎಲೆಯ ಮುಂದೆ ಕೂತಿದ್ದರು. ಅನ್ನ ಬಂದಿತ್ತು, ಸಾರು ಬರಬೇಕಿತ್ತು. ಅಷ್ಟರಲ್ಲಿ, ಹಳ್ಳ ಹುಟ್ಟುವ ಕರಡಿಬಂಡೆ ಗುಡ್ಡದ ಮೇಲೆ ಅರ್ಧ ಗಂಟೆ ಜೋರು ಮಳೆ ಬಿದ್ದ ಸುದ್ದಿ. ಇಲ್ಲಿ ಬಿಸಿಲು. ಹರಿಗಣಿ ನೋಡಿದೆ: ಏಳು ಅಡಿ ನೀರು, ಇನ್ನು ನಲವತ್ತು ನಿಮಿಷಕ್ಕೆ. ಎಲ್ಲರೂ ದಡ ಹತ್ತಿ ಎಂದು ಕೂಗಿದೆ.

ಅಡುಗೆಯ ಮುನಿವೆಂಕಟಪ್ಪ ಸೌಟು ಹಿಡಿದು ಅಡ್ಡ ನಿಂತರು. "ಏನಮ್ಮೋ, ಮೋಡ ಎಲ್ಲೈತೆ ತೋರ್ಸು ನೋಡಾನ. ಉಣ್ಣೋರ್ನ ಯಾರಾದ್ರೂ ಎಬ್ಬುಸ್ತಾರ?" ಬೀಗರು ಮುಖ ಗಂಟು ಹಾಕಿಕೊಂಡರು. ನೀರು ಬಾರದಿದ್ದರೆ ಮಗಳು ಆ ಮನೆಯಲ್ಲಿ ಬದುಕಿರುವ ತನಕ ಈ ಮಾತು ಕೇಳಬೇಕು. "ನಾನಂತೂ ಎದ್ನಮ್ಮ" ಎಂದು ಅಲಮೇಲು ಸೆರಗು ಬಿಗಿದು ಸಾರಿನ ಹಂಡೆಗೆ ಕೈ ಹಾಕಿದಳು. ಮದುಮಗಳೇ ಹಂಡೆ ಹೊತ್ತ ಮೇಲೆ ಮಿಕ್ಕವರು ಏಳಲೇಬೇಕಾಯಿತು.

ಕೊನೆಯ ಚಾಪೆ ದಡಕ್ಕೆ ಬಂದ ಸ್ವಲ್ಪ ಹೊತ್ತಿಗೇ ಹಳ್ಳ ಬಂತು, ಕೆಂಪಗೆ, ದಡ ತುಂಬ. ಬೀಗಿತಿ ನನ್ನನ್ನು ತಬ್ಬಿಕೊಂಡು ಅತ್ತರು, ಆಮೇಲೆ ಕುಣಿದರು. ಮುನಿವೆಂಕಟಪ್ಪ ನನ್ನ ಎಲೆಗೆ ಮೂರು ಒಬ್ಬಟ್ಟು ಹಾಕಿದರು. ಇಷ್ಟು ಸಂತೋಷದ ಊಟವನ್ನು ನಾನು ಉಂಡೇ ಇರಲಿಲ್ಲ.

ಇನ್ನು ನಿಮ್ಮ ವಿಷಯ. ಹರಿಗಣಿಗೆ ಆ ಏಳು ಅಡಿಯನ್ನು ಕಲಿಸಿದ್ದು ನಿಮ್ಮ ಕಾಲದ ಪಿಳ್ಳಪ್ಪನವರು. ಹಳ್ಳದ ಅಳತೆಗಲ್ಲು ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದವರು. ಅವರದು ಒಂದೇ ಸಾಲು: "ಮಳೆ ಅರ್ಧ ಗಂಟೆ, ನೀರು ಏಳು ಅಡಿ." ಈ ಮಧ್ಯಾಹ್ನ ಆ ಸಾಲು ನಿಮ್ಮ ಪರದೆಯ ಮೇಲಿದೆ. ಅಷ್ಟು ಮಳೆಯೆಲ್ಲ ಇಂಗಿಹೋಗುತ್ತದೆ, ಹಳ್ಳ ಹರಿಯುವುದೇ ಇಲ್ಲ ಎನ್ನುತ್ತದೆ ನಿಮ್ಮ ಮಾದರಿ. ಮುದುಕ ಕುಡಿದು ಬರೆದಿರಬೇಕು, ಅಳಿಸಿಬಿಡಿ ಎನ್ನುತ್ತಾರೆ ನಿಮ್ಮ ಜೊತೆಯವರು. ಪಿಳ್ಳಪ್ಪನವರು ಕುಡಿದಿರಲಿಲ್ಲ. ನಿಮ್ಮ ನಕ್ಷೆ ಕರಡಿಬಂಡೆಯನ್ನು ಮಣ್ಣಿನ ಗುಡ್ಡವೆಂದು ತೋರಿಸುತ್ತಿದೆ. ಅದು ಬರೀ ಕಲ್ಲು. ಒಮ್ಮೆ ಹತ್ತಿ ನೋಡಿ.

ನೀವು ಅಳಿಸಲಿಲ್ಲವೆಂದು ನನಗೆ ಗೊತ್ತು. ಆ ಸಾಲಿನ ಪಕ್ಕ "ನಂಬಿಕೆ ಇಲ್ಲ, ಆದರೂ ಇರಲಿ" ಎಂದು ಬರೆದು ಕೆಳಗೆ ನೀವು ಹಾಕಿದ ನಿಮ್ಮ ಹೆಸರು ನಮ್ಮ ಕಡತದಲ್ಲಿ ಇನ್ನೂ ಇದೆ. ಆದರೂ ಹೆತ್ತ ಜೀವ, ಹೆದರಿಕೆ ಬಿಡದು. ಆ ಅಳಿಸುವ ಗುಂಡಿಯಿಂದ ಬೆರಳು ತೆಗೆಯಿರಿ, ನಾಗವೇಣಿಯವರೇ. ಎದ್ದು ಹೋಗಿ ಒಂದು ಲೋಟ ಕಾಫಿ ಕುಡಿಯಿರಿ. ನೀವು ಕುಡಿದು ಮುಗಿಸುವಷ್ಟರಲ್ಲಿ ನಾವು ಆರುನೂರು ಜನ ದಡ ಹತ್ತಿರುತ್ತೇವೆ.