ಇನ್ಸೊಲೆಂಟ್

ಗೌರಿಬಿದನೂರು, ಸೋಮವಾರ, 4-8-1958
ನಾಲ್ಕನೇ ಕ್ಲಾಸಿಗೆ ಭಾಗಾಕಾರ. ನಡುವೆ ಶಾಲಾ ಕಮಿಟಿ ಪ್ರೆಸಿಡೆಂಟ್ ವೆಂಕಟರಾಯಪ್ಪನವರು ಬಂದರು. ಶಾಲೆ ನಿಂತಿರುವುದು ಅವರ ಜಾಗದಲ್ಲಿ. ಅವರು ಬಂದರೆ ಪಾಠ ಮಾಡುವವರು ಕುರ್ಚಿ ಬಿಟ್ಟುಕೊಟ್ಟು ಗೋಡೆ ಪಕ್ಕ ನಿಲ್ಲಬೇಕು, ಇಲ್ಲಿಯ ಪದ್ಧತಿ. ಎದ್ದೆ, ನಮಸ್ಕಾರ ಹೇಳಿದೆ. ಮತ್ತೆ ಕೂತು ಸ್ಲೇಟು ತಿದ್ದಿದೆ. ಯಾಕೋ ಗೊತ್ತಿಲ್ಲ... ಇಲ್ಲ, ಗೊತ್ತು. ಮುಂದೆ ಕೂತ ಮುನಿಗಂಗಮ್ಮ ನನ್ನನ್ನೇ ನೋಡುತ್ತಿದ್ದಳು, ಟೀಚರ್ ಈಗೇನು ಮಾಡ್ತಾರೆ ಎಂದು. ಪ್ರೆಸಿಡೆಂಟರು ಬಾಗಿಲಿನಿಂದಲೇ ತಿರುಗಿ ಹೋದರು.

ಬುಧವಾರ, 6-8
ಹೆಡ್‌ಮಾಸ್ಟರ್ ಪುಟ್ಟಸ್ವಾಮಯ್ಯ ಮೆಮೊ ಕೊಟ್ಟರು. ಮುಖ ನೋಡಲಿಲ್ಲ. 'ಇನ್ಸೊಲೆಂಟ್ ಕಾಂಡಕ್ಟ್.' ಸೋಮವಾರ ಪ್ರೆಸಿಡೆಂಟರಿಗೆ ಕ್ಷಮಾಪಣೆ ಬರೆದುಕೊಡಬೇಕು, ಇಲ್ಲವಾದರೆ ಕೆಲಸವಿಲ್ಲ. ನಾನಿನ್ನೂ ಟೆಂಪೊರರಿ. ಮನೆಯಲ್ಲಿ ಒಲೆ ಉರಿಯುವುದೇ ನನ್ನ ಸಂಬಳದಲ್ಲಿ.
ಸ್ಟಾಫ್ ರೂಮಿನ ಡಿಕ್ಷನರಿ ತೆಗೆದೆ. ಉದ್ಧಟ, ಸೊಕ್ಕಿನ. ಮೂಲ ಲ್ಯಾಟಿನ್ — ಅಭ್ಯಾಸವಿಲ್ಲದ, ರೂಢಿಯಲ್ಲಿಲ್ಲದ. ಸೊಕ್ಕು ಆಮೇಲೆ ಬಂದು ಸೇರಿಕೊಂಡದ್ದು. ಬಳಕೆಗೆ ಉದಾಹರಣೆ: ಇನ್ಸೊಲೆಂಟ್ ಸರ್ವೆಂಟ್. ಇನ್ಸೊಲೆಂಟ್ ಬಾಯ್. ಯಜಮಾನನಿಗೆ ಒಂದೂ ಇಲ್ಲ. ಸಿಟ್ಟು ಬಂತು.

ಶುಕ್ರವಾರ, 8-8, ಸಂಜೆ
ಅಪ್ಪನಿಗೆ ಮೆಮೊ ತೋರಿಸಿದೆ. ಡಿಕ್ಷನರಿಯಲ್ಲಿ ಕಂಡದ್ದನ್ನೂ ಹೇಳಿದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಇಂಥ ಕಾಗದ ಅವರಿಗೆ ನೀರು ಕುಡಿದಷ್ಟು ಸುಲಭ. ಕ್ಷಮಾಪಣೆಯ ಡ್ರಾಫ್ಟಿಗೆ ಕೂತರು. ಅರ್ಧಕ್ಕೆ ಪೆನ್ನು ಕೆಳಗಿಟ್ಟರು.
"ಈ ಪದ ನಾನೂ ಎಷ್ಟೋ ಜನಕ್ಕೆ ಬರ್ದಿದೀನಿ ಕಣಮ್ಮ. ಜವಾನರಿಗೆ, ತಳವಾರರಿಗೆ. ಸಾಹೇಬರು ಹೇಳೋರು, ನಾನು ಬರೆಯೋನು. ಮೇಲಿನೋರಿಗೆ ಒಂದ್ಸಲಾನೂ ಬರೀಲಿಲ್ಲ."
ಈಗೇನು ಮಾಡಲಿ ಎಂದೆ. ಅರ್ಧ ಬರೆದ ಕಾಗದವನ್ನು ಮಡಚಿ ನನ್ನ ಕೈಗಿಟ್ಟರು. ತಪ್ಪಾಯ್ತು ಅಂದರೆ ಬಾಯೇನೂ ಸವೆಯುವುದಿಲ್ಲ ಎಂದು ಒಳಗಿನಿಂದ ಅಮ್ಮ. ಅವಳದೂ ತಪ್ಪಲ್ಲ. ಅಕ್ಕಿ ಡಬ್ಬ ನೋಡುವವಳು ಅವಳೇ.

ಸೋಮವಾರ, 11-8, ಕ್ಲಾಸಿನಲ್ಲಿ
ಮಕ್ಕಳಿಗೆ ಲೆಕ್ಕ ಕೊಟ್ಟು ಇದನ್ನು ಬರೆಯುತ್ತಿದ್ದೇನೆ. ಅಪ್ಪನ ಅರ್ಧ ಕಾಗದ ಬ್ಯಾಗಿನಲ್ಲಿದೆ. ಉಳಿದರ್ಧ ನಾನು ಬರೆಯಲಿಲ್ಲ. ಭಯವಾಗುತ್ತಿದೆ, ತುಂಬಾ. ಬೆಳಗ್ಗೆ ಹೊರಡುವಾಗ ಅಪ್ಪ ಬಾಗಿಲ ತನಕ ಬಂದರು.
"ಅಭ್ಯಾಸ ಇಲ್ದಿದ್ರೆ ಅಭ್ಯಾಸ ಆಗ್ಲಿ ಬಿಡಮ್ಮ, ಅವ್ರಿಗೆ."
ಅಷ್ಟೇ ಹೇಳಿದ್ದು.
ಹೊರಗೆ ಹೆಡ್‌ಮಾಸ್ಟರ ದನಿ. ಹಿಂದೆಯೇ ಪ್ರೆಸಿಡೆಂಟರ ಜೋಡಿನ ಸದ್ದು. ಮುನಿಗಂಗಮ್ಮ ಬಾಗಿಲು ನೋಡಲಿಲ್ಲ, ನನ್ನನ್ನು ನೋಡಿದಳು. ಏಳುತ್ತೇನೆ, ನಮಸ್ಕಾರ ಹೇಳುತ್ತೇನೆ. ಆಮೇಲೆ ಮತ್ತೆ ಕೂತು ಸ್ಲೇಟು —