ದೇವಕ್ಕ ತಿರುಗಿಸಿದ ಬಟ್ಟಲು

ಶಿರಸಿ
೨೭ ಮಾರ್ಚ್ ೨೦೨೫

ಪ್ರೀತಿಯ ನಂದನಾ,

ಹೇಗಿದ್ದೀಯಪ್ಪಾ? ಹೊಟ್ಟೆನೋವು ಕಡಿಮೆಯಾಯಿತೇ? ಬಿಷಪ್ಪರ ಕಚೇರಿಯಲ್ಲಿ ಕೂತವನು ಈಸ್ಟರಿಗೆ ಮುಂಚಿನ ಲೆಂಟ್ ಕಾಲದಲ್ಲಿ ಉಪವಾಸ ಮಾಡದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಿನಗೆ ಅನ್ನಿಸಿರಬಹುದು. ಆದರೆ ನಿನ್ನ ಹೊಟ್ಟೆ ನನಗೆ ಗೊತ್ತು. ಹತ್ತು ಗಂಟೆಯೊಳಗೆ ಏನಾದರೂ ಬೀಳದಿದ್ದರೆ ಮುಖ ಗಂಟು ಹಾಕಿಕೊಂಡು ಎಲ್ಲರ ಮೇಲೂ ಹರಿಹಾಯುತ್ತೀ. ದೇವರಿಗೂ ಅದು ಬೇಡ, ಪಕ್ಕದ ಮೇಜಿನವರಿಗಂತೂ ಬೇಡವೇ ಬೇಡ. ಮಜ್ಜಿಗೆಯಾದರೂ ಕುಡಿ. ಅಪ್ಪನ ಮಂಡಿನೋವು ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಮಾತ್ರ ನೆನಪಾಗುತ್ತದೆ, ಪೇಟೆಗೆ ಹೊರಟರೆ ಮರೆತುಹೋಗುತ್ತದೆ. ಈ ಕಾಲದಲ್ಲಿ ಕಾಗದ ಯಾಕೆ, ಫೋನು ಮಾಡಬಾರದೇ ಎಂದು ನೀನು ನಗುತ್ತೀ. ಎರಡು ಸಲ ಮಾಡಿದೆನಲ್ಲ. ನಿನ್ನ ದನಿ ಕೇಳಿದ ಕೂಡಲೇ ಹೇಳಬೇಕಾದ್ದು ಬಿಟ್ಟು ಹಪ್ಪಳದ ಸುದ್ದಿ ಮಾತಾಡಿ ಇಟ್ಟುಬಿಟ್ಟೆ.

ಈ ಸಲದ ಲೆಂಟ್ ಸಂದೇಶ ಬಿಷಪ್ಪರದ್ದಾದರೂ ಕನ್ನಡ ನಿನ್ನದು ಎಂದು ಮೊದಲ ಸಾಲಿನಲ್ಲೇ ಗುರುತು ಹಿಡಿದೆ. ಅವರ ಸಂದೇಶಗಳನ್ನು ನಮ್ಮ ಸಭೆಯಲ್ಲಿ ಓದುವುದು ನಾನೇ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಓದಿ ಓದಿ ಪಳಗಿದ ಗಂಟಲು, ಹೆಮ್ಮೆ ಇಲ್ಲ ಎಂದರೆ ಸುಳ್ಳಾದೀತು. 'ಪಕ್ಕದವರ ಎಂಜಲಿಗೆ ಹೇಸುವವರು ಕರ್ತನ ಮೇಜಿಗೆ ಯಾಕೆ ಬರುತ್ತಾರೆ?' ಎಂಬ ಸಾಲು ಬಂದಾಗ ಸ್ವಲ್ಪ ತಡೆದು, ತಲೆಯೆತ್ತಿ ಎಲ್ಲರನ್ನೂ ನೋಡಿ, ಮತ್ತೊಮ್ಮೆ ಓದಿದೆ. ಅಪ್ಪ ಕಣ್ಣೊರೆಸಿಕೊಂಡರು. ಕರ್ತನ ಭೋಜನದ ದ್ರಾಕ್ಷಾರಸಕ್ಕೆ ಕೊರೋನಾ ಬಂದಾಗ ಬಳಕೆಗೆ ಬಂದ ಸಣ್ಣ ಸಣ್ಣ ಲೋಟಗಳನ್ನು ಎತ್ತಿಟ್ಟು ಹಳೆಯ ಒಂದೇ ಬಟ್ಟಲಿಗೆ ಮರಳಿರಿ, ಹಿಂದೆ ಕೂರುವವರು ಮೊದಲು ಬರಲಿ, ಪಾಸ್ಟರ್ ಕೈಯಿಂದಲ್ಲ, ಪಕ್ಕದವರ ಕೈಯಿಂದ ಬಟ್ಟಲು ತೆಗೆದುಕೊಳ್ಳಿ ಎಂದು ಬಿಷಪ್ಪರು ಬರೆದಿದ್ದರಲ್ಲ, ಅದನ್ನೂ ಗಟ್ಟಿಯಾಗಿಯೇ ಓದಿದೆ. ನಿಜ ಹೇಳಬೇಕೆಂದರೆ, ಕೊರೋನಾ ಹೋದ ಮೇಲೂ ಆ ಲೋಟಗಳು ಉಳಿದದ್ದು ನನ್ನಿಂದ. ಪಾತ್ರೆ ತೊಳೆಯುವ ಜವಾಬ್ದಾರಿ ನನ್ನದು, ಚೊಕ್ಕವಾಗಿರುತ್ತದೆ ಎಂದು ನಾನು ಹೇಳಿದರೆ ಯಾರು ಎದುರಾಡುತ್ತಾರೆ?

ಅಂದೇ ಕರ್ತನ ಭೋಜನಕ್ಕೆ ಹಿಂದಿನ ಬೆಂಚಿನಿಂದ ದೇವಕ್ಕ ಬಂದಳು. ಅವಳನ್ನು ನೀನು ಒಂದೆರಡು ಸಲ ನೋಡಿರಬೇಕು. ರಾಣೇಬೆನ್ನೂರು ಕಡೆಯವಳು, ನಗರಸಭೆಯ ಪೌರಕಾರ್ಮಿಕಳು, ನಮ್ಮ ಬೀದಿಯ ಚರಂಡಿ ಹೂಳೆತ್ತುವವಳು. ದೀಕ್ಷಾಸ್ನಾನವಾಗಿ ನಮ್ಮ ಸಭೆ ಸೇರಿ ಮೂರು ವರ್ಷವಾಯಿತು. ಮೊಣಕಾಲೂರಿದ ಸಾಲಿನಲ್ಲಿ ಅವಳ ಪಕ್ಕದ ಜಾಗವೇ ನನಗೆ ಸಿಕ್ಕಿತು. ಅವಳು ಕುಡಿದು, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ನನ್ನ ಕಡೆ ತಿರುಗಿ, 'ನಿಮಗಾಗಿ ಸುರಿಸಿದ ಕ್ರಿಸ್ತನ ರಕ್ತ' ಎಂದಳು. ಎಷ್ಟು ಸಲ ಅಭ್ಯಾಸ ಮಾಡಿಕೊಂಡು ಬಂದಿದ್ದಳೋ, ಒಂದಕ್ಷರ ತಪ್ಪಲಿಲ್ಲ. ನಾನು ಬಟ್ಟಲು ಹಿಡಿದೆ, ಬಾಯಿಯವರೆಗೂ ತಂದೆ. ಅಂಚಿನಲ್ಲಿ ಅವಳ ತುಟಿಯ ತೇವ ಕಂಡಿತು. ನನ್ನ ತುಟಿ ಬಿಗಿದುಕೊಂಡಿತು ಮಗಾ. ಬೇಕೆಂದು ಮಾಡಿದ್ದಲ್ಲ, ಆದರೆ ತೆರೆಯಲೂ ಇಲ್ಲ. ಬಟ್ಟಲು ಓರೆ ಮಾಡಿ ಕುಡಿದ ಹಾಗೆ ನಟಿಸುವುದರಲ್ಲಿದ್ದೆ. ಆಗ ದೇವಕ್ಕ ಎರಡೂ ಕೈ ಚಾಚಿ, ನನ್ನ ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದಳು. 'ಅಕ್ಕೋರ, ಈ ಕಡೆ ನಾ ಬಾಯಿ ಹಚ್ಚಿಲ್ರಿ. ಈ ಕಡಿಂದ ಕುಡೀರಿ' ಎಂದಳು, ನನಗೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ನಾನು ಆ ಕಡೆಯಿಂದ ಕುಡಿದೆ. ಕುಡಿಯದೆ ಇದ್ದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವಳು ಮಾಡಿಕೊಟ್ಟ ಅನುಕೂಲ ನನಗೆ ಬೇಕಾಗಿತ್ತು, ಬೇಗ ಒಪ್ಪಿಕೊಂಡೆ.

ಆ ಗಳಿಗೆಯಲ್ಲೇ ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಒಂದು ಬಟ್ಟಲು, ಅದರ ಮೇಲೆ ನಾಲ್ಕು ಕೈ, ಬಗ್ಗಿದ ಎರಡು ತಲೆ. ಪಾಸ್ಟರ್ ಸುಭಾಷರಿಗೆ ಅದರಲ್ಲಿ ಕಂಡದ್ದು ಪ್ರೀತಿ. ಸಿದ್ದಾಪುರದ ಮನೆ ಪ್ರಾರ್ಥನಾಕೂಟದಲ್ಲಿ ತೋರಿಸಿದರು, ಯಲ್ಲಾಪುರದಲ್ಲೂ ತೋರಿಸಿದರು, ಕೊನೆಗೆ ಬಿಷಪ್ಪರಿಗೂ ಕಳಿಸಿದರು. ಈಗ ಈಸ್ಟರ್ ಸಂದೇಶದ ಮೊದಲ ಪುಟಕ್ಕೆ ಅದೇ ಬೇಕೆಂದು ನೀನು ಕುಣಿದಾಡುತ್ತಾ ಫೋನು ಮಾಡುತ್ತೀ. 'ಅಮ್ಮಾ, ಎಲ್ಲ ಸಭೆಗಳಿಗೂ ನೀನೇ ಮಾದರಿಯಂತೆ' ಎಂದು ನೀನು ಹೇಳಿದೆ. ನಾಲ್ಕು ತಲೆಮಾರಿನ ಕ್ರೈಸ್ತರು ನಾವು. ಮುತ್ತಜ್ಜ ಜಾತಿ ಬಿಟ್ಟು ಬಂದ ಎಂದು ನಿನಗೆ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದವಳು ನಾನು. ಯಾವ ಜಾತಿ ಬಿಟ್ಟು ಬಂದ ಎನ್ನುವುದನ್ನೂ ಮರೆಯದೆ ಹೇಳುತ್ತಿದ್ದೆನಲ್ಲ, ಅದು ಈಗ ನೆನಪಾಗುತ್ತಿದೆ.

ಫೋಟೋ ಹಾಕಲು ದೇವಕ್ಕನನ್ನೂ ಕೇಳು ಎಂದು ನೀನು ಹೇಳಿದ್ದೆ. ಅದನ್ನು ಕೇಳಲು, ಸಾಧ್ಯವಾದರೆ ಕ್ಷಮೆಯನ್ನೂ ಕೇಳಲು, ಮೊನ್ನೆ ಅವಳ ಮನೆಗೆ ಹೋದೆ. ತನ್ನ ಸೀರೆಯ ಸೆರಗಿನಿಂದ ಕುರ್ಚಿ ಒರೆಸಿ ಕೂರಿಸಿದಳು. ಒಲೆಯ ಮೇಲೆ ಚಹಾ ಇಟ್ಟಳು. ಗೂಡಿನಲ್ಲಿ ಸ್ಟೀಲಿನ ಲೋಟಗಳು ಫಳಫಳ ಹೊಳೆಯುತ್ತಿದ್ದವು. ಅವನ್ನು ಬಿಟ್ಟು, ಒಂದು ಕಟ್ಟು ಬಿಚ್ಚಿ ಹೊಸ ಪೇಪರ್ ಕಪ್ಪು ತೆಗೆದಳು. 'ನಿಮ್ಮಂಥೋರು ಬಂದ್ರ ಇರ್ಲಿ ಅಂತ ಇಟ್ಟೇನ್ರಿ' ಎಂದಳು. 'ಲೋಟದಲ್ಲೇ ಕೊಡು ದೇವಕ್ಕಾ' ಎಂದೆ. 'ಬ್ಯಾಡ್ರಿ ಅಕ್ಕೋರ, ನಿಮಗ ಸುಮ್ನ ತ್ರಾಸಾಕ್ಕೈತಿ' ಎಂದು ನಕ್ಕಳು. ಪೇಪರ್ ಕಪ್ಪಿನಲ್ಲೇ ಕುಡಿದು ಎದ್ದು ಬಂದೆ. ಕ್ಷಮೆಯನ್ನೂ ಕೇಳಲಿಲ್ಲ, ಫೋಟೋದ ವಿಷಯವನ್ನೂ ಕೇಳಲಿಲ್ಲ.

ಅದಕ್ಕೇ ಒಂದು ಉಪಕಾರ ಮಾಡು. ಫೋಟೋ ಸ್ಪಷ್ಟವಾಗಿಲ್ಲ, ಅಚ್ಚಿಗೆ ಬರುವುದಿಲ್ಲ ಎಂದು ಬಿಷಪ್ಪರಿಗೆ ಹೇಳಿಬಿಡು. ಅವರು ದೊಡ್ಡವರು, ಇಂಥ ಸಣ್ಣ ವಿಷಯ ಮರೆಯುತ್ತಾರೆ. ಅಪ್ಪನಿಗೂ ಇದೆಲ್ಲ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಅಪ್ಪ ನಿನ್ನನ್ನು ಕೇಳಿದ್ದೇನೆಂದು ಬರೆಯಲು ಹೇಳಿದರು. ಕರ್ತನು ನಿನ್ನ ಮೇಲೆ ಕಣ್ಣಿಟ್ಟಿರಲಿ, ನಿನ್ನ ಹೊಟ್ಟೆಯ ಮೇಲೂ.

ನಿನ್ನ ಅಮ್ಮ
ರೋಹಿಣಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಮ್ಮೆ ಓದಿದೆ. ಕೊನೆಗೆ ಬರೆದದ್ದನ್ನು ಬಿಟ್ಟುಬಿಡು. ಫೋಟೋ ಸ್ಪಷ್ಟವಾಗಿಯೇ ಇದೆ, ದೇವಕ್ಕನ ಬೆರಳು ಬಟ್ಟಲು ತಿರುಗಿಸುತ್ತಿರುವುದು ಚೆನ್ನಾಗಿ ಕಾಣುತ್ತದೆ. ಈ ಕಾಗದವನ್ನು ಬಿಷಪ್ಪರಿಗೆ ಕೊಡು. ಅವರು ಬರೆಯುವುದಾದರೆ ನಡೆದದ್ದನ್ನೇ ಬರೆಯಲಿ. ನನ್ನ ಹೆಸರು ಹಾಕಲಿ, ದೇವಕ್ಕನದ್ದು ಅವಳನ್ನು ಕೇಳದೆ ಹಾಕುವುದು ಬೇಡ. ಅಪ್ಪನಿಗೆ ಇವತ್ತೇ ಹೇಳುತ್ತೇನೆ. ಶಿರಸಿಯ ಸಭೆಯಲ್ಲಿ ಆ ಈಸ್ಟರ್ ಸಂದೇಶ ಓದಲು ಬೇರೆ ಯಾರನ್ನೂ ಹುಡುಕಬೇಡಿ, ನಾನೇ ಓದುತ್ತೇನೆ.