ಅಡ್ಡಗದ್ದೆಯ ಬಸ್ಸಿನ ನಾಲ್ಕನೇ ಚಕ್ರ

ಒಡಹುಟ್ಟದ ಅಣ್ಣ ಗೋಪಣ್ಣನಿಗೆ,

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ, ಈ ಮೂರೂ ತಾಲ್ಲೂಕುಗಳ ಸಮಸ್ತ ಮಹಾಜನರ ಪರವಾಗಿ ನಿನಗೆ ಘನಗಂಭೀರವಾಗಿ ತಿಳಿಯಪಡಿಸುವುದೇನೆಂದರೆ: ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದಾದ, ನೀಲಿ ಬಣ್ಣದ ಒಂದು ಆಟಿಕೆ ಚಕ್ರವು ಮೊನ್ನೆ ಮಂಗಳವಾರ ಬೆಳಿಗ್ಗೆ ನಿನ್ನ ಅಂಗಡಿಯ ಮೇಜಿನ ಮೇಲೆ ಸಿಲಿಕೋನ್ ಅಚ್ಚಿನಿಂದ ಹೊರಬಂದಿದೆ. ಒಂದೇ ಒಂದು ಗಾಳಿಗುಳ್ಳೆ ಇಲ್ಲ. ಹೆರಿಗೆ ಮಾಡಿಸಿದವನು ನಾನು. ನೀನಿದ್ದಿದ್ದರೆ ಭೂತಗನ್ನಡಿ ಹಿಡಿದು ಎರಡಾದರೂ ಗುಳ್ಳೆ ಹುಡುಕಿಯೇ ಬಿಡುತ್ತಿದ್ದೆ. ಸಂತೋಷದ ಸುದ್ದಿ ಇಷ್ಟೇ. ಇದರ ಮುಂದಿನದು ಅಂಥದ್ದಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ನಿನ್ನ ಅಂಗಡಿಯ ಸ್ಟೂಲು ನೆನಪಿಗೆ ಬರುತ್ತದೆ. ವಾಚು ರಿಪೇರಿಗೆ ಬರುವವರು ಕಡಿಮೆಯಾಗಿ ನೀನು ಆಟಿಕೆಗಳ ಮುರಿದ ಕೈಕಾಲು ಮಾಡಿಕೊಡಲು ಶುರುಮಾಡಿದ ಮೇಲೆ, ಆ ಸ್ಟೂಲಿನ ಮೇಲೆ ಹತ್ತು ವರ್ಷ ಕೂತವನು ನಾನು. ನೀನು ಮುರಿಯದೆ ಉಳಿದ ಜೊತೆಯ ಅಸಲಿ ತುಂಡನ್ನು ಮೆದು ಜೇಡಿಯಲ್ಲಿ ಅರ್ಧ ಹೂಳುತ್ತಿದ್ದೆ. ಅಚ್ಚಿನ ಎರಡು ಹೋಳು ಕಚ್ಚಿಕೊಳ್ಳಲೆಂದು ಸುತ್ತ ಪೆನ್ನಿನ ಹಿಂಬದಿಯಿಂದ ನಾಲ್ಕು ಗುಳಿ ಒತ್ತುತ್ತಿದ್ದೆ. ಸಿಲಿಕೋನಿನ ಎರಡು ಭಾಗ ಬೆರೆಸಿ, ಒಂದು ಮೂಲೆಯಿಂದ ನೂಲಿನ ಎಳೆಯ ಹಾಗೆ ಬಿಡುತ್ತಿದ್ದೆ. ಅದು ಗಟ್ಟಿಯಾದ ಮೇಲೆ ಮಗುಚಿ, ಜೇಡಿ ತೆಗೆದು, ವ್ಯಾಸಲೀನ್ ಸವರಿ, ಇನ್ನರ್ಧ. ಆ ಅಚ್ಚಿನೊಳಗೆ ಬಣ್ಣದ ರೆಸಿನ್ ಬಿಟ್ಟರೆ ಹೊಸ ತುಂಡು. ಒಮ್ಮೆ ನನ್ನ ಕೈಗೆ ಲೋಟ ಕೊಟ್ಟು ತಕ್ಷಣ ಕಿತ್ತುಕೊಂಡಿದ್ದೆ. "ಸುರೀಬೇಡ ಮಾರಾಯ, ಇಳಿಸು. ಅಸಲಿಗೆ ಒಂದು ಗೀರು ಬಿದ್ರೂ ನಾವು ಮಾಡಿದ್ದು ರಿಪೇರಿ ಅಲ್ಲ, ಕಳ್ತನ."

ಅದಕ್ಕೂ ಮೊದಲು ನೀನು ಪ್ರತಿಯೊಬ್ಬ ಗಿರಾಕಿಯನ್ನೂ ಕೇಳುತ್ತಿದ್ದ ಒಂದು ಪ್ರಶ್ನೆ ಇತ್ತಲ್ಲ: "ಇದನ್ನ ತೊಳೀಬಹುದಾ?" ಅಚ್ಚಿಗಿಡುವ ಮೊದಲು ತುಂಡನ್ನು ತೊಳೆದು ಒಣಗಿಸಬೇಕು ಎಂಬುದು ನನಗೂ ಗೊತ್ತಿದ್ದ ನಿಯಮ. ಅದಕ್ಕೆ ಅಪ್ಪಣೆ ಯಾಕೆ? ನರಸಿಂಹರಾಜಪುರದಿಂದ ಒಬ್ಬರು ಪ್ಲಾಸ್ಟಿಕ್ ಬಾತುಕೋಳಿ ತಂದಾಗಲೂ ನೀನು ಅದನ್ನೇ ಕೇಳಿದೆ. "ಬಾತುಕೋಳಿಗೆ ನೀರಂದ್ರೆ ಹೆದ್ರಿಕೆಯಾ ಗೋಪಣ್ಣ?" ಎಂದೆ ನಾನು. ಅವರು ನಕ್ಕರು. ಪೇಪರಿನ ನನ್ನ ನಗೆ ಅಂಕಣಕ್ಕೆ ಆ ವಾರದ ಸರಕು ಸಿಕ್ಕಿತು. ಗೊಂಬೆಗಳ ಆಸ್ಪತ್ರೆ, ಸ್ನಾನಕ್ಕೆ ವಾರಸುದಾರರ ಒಪ್ಪಿಗೆ ಪತ್ರ, ಮೂರು ಪ್ರತಿಯಲ್ಲಿ... ಊರೆಲ್ಲ ಓದಿತು. ನೀನು ಹೋಟೆಲಿಗೆ ಕಾಲಿಟ್ಟರೆ ಸಾಕು, "ಗೋಪಣ್ಣ, ಲೋಟ ತೊಳೀಬಹುದಾ?" ಎಂದು ಒಳಗಿನಿಂದ ಕೂಗುತ್ತಿದ್ದರು.

ನೀನು ಪೇಪರು ಮಡಚಿಟ್ಟು "ಚೆಂದ ಬರ್ದಿದೀಯ" ಎಂದೆ. ಅಷ್ಟೇ. ಆಮೇಲೆ ನಾನು ಎದುರಿಗಿದ್ದಾಗ ನೀನು ಆ ಪ್ರಶ್ನೆಯನ್ನು ಗಿರಾಕಿಯ ಕಿವಿಗೆ ಮಾತ್ರ ಕೇಳುವಷ್ಟು ದನಿ ತಗ್ಗಿಸಿ ಕೇಳುತ್ತಿದ್ದೆ. ಕ್ಷಮೆ ಕೇಳಬೇಕೆಂದು ಎರಡು ಸಲ ಬಂದೆ, ಗೋಪಣ್ಣ. ಎರಡು ಸಲವೂ ನೀನು ಕಾಫಿ ತರಿಸಿದೆ. ನಾನು ಕಾಫಿ ಕುಡಿದು ಎದ್ದುಹೋದೆ. ಮೂರನೇ ಸಲ ಬರುವಷ್ಟರಲ್ಲಿ ನೀನೇ ಎದ್ದುಹೋಗಿದ್ದೆ.

ನಿನ್ನ ವೈಕುಂಠ ಸಮಾರಾಧನೆಯ ಮರುದಿನ ಶಾರದತ್ತಿಗೆ ಅಂಗಡಿಗೆ ಕರೆದು ಒಂದು ಚಪ್ಪಲಿ ಡಬ್ಬಿ ಕೈಗಿಟ್ಟರು. ಒಳಗೆ ಆಟಿಕೆ ಬಸ್ಸು, ಮೂರು ಚಕ್ರ. ನಾಲ್ಕನೆಯದನ್ನು ಇಲಿ ಕಡಿದಿತ್ತಂತೆ.

"ಅಡ್ಡಗದ್ದೆ ಲಲಿತಕ್ಕಂದು. ಅವ್ರು ಒಪ್ಕೊಂಡ ಕೊನೇ ಕೆಲ್ಸ. ಹಂಗೇ ವಾಪಸ್ ಕೊಡಕ್ಕೆ ಮನಸ್ಸು ಬರಲ್ಲ. ಹತ್ತು ವರ್ಷ ಕೂತು ನೋಡಿದೀಯಲ, ನೀನೇ ಮಾಡು."

"ಕೂತಿದ್ದು ನಿಜ ಅತ್ತಿಗೆ. ನೋಡಿದ್ದು ಅನುಮಾನ."

ಆದರೂ ತೆಗೆದುಕೊಂಡೆ. ಬಾಯಲ್ಲಿ ಬಾರದ ಕ್ಷಮೆ ಒಂದು ಚಕ್ರವಾಗಿಯಾದರೂ ಬರಲಿ ಎನ್ನಿಸಿತು. ಲಲಿತಕ್ಕನಿಗೆ ಫೋನು ಮಾಡಿದೆ. "ಎಲ್ಲಾ ನಾ ಗೋಪಣ್ಣಂಗೆ ಹೇಳಿದ ಹಾಂಗೇ ಅಲ್ದಾ?" ಎಂದರು. ಏನು ಹೇಳಿದ್ದರೆಂದು ಕೇಳಬೇಕಿತ್ತು. "ಹೌದು ಹೌದು, ಹಾಗೇ" ಎಂದೆ.

ಮೂರರಲ್ಲಿ ಒಂದು ಚಕ್ರ ಬಿಚ್ಚಿದೆ. ಟೈರಿನ ಗೆರೆಗಳಲ್ಲೆಲ್ಲ ಒಣಮಣ್ಣು. ಸೋಪು ಹಾಕಿ, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಫಳಫಳ ಹೊಳೆಯುವಂತೆ ತೊಳೆದೆ. ಮೊದಲ ಅಚ್ಚು ಕೆಟ್ಟಿತು. ಸಿಲಿಕೋನ್ ಬಿಡುವ ಪುಟ್ಟ ಪೆಟ್ಟಿಗೆಯ ಸಂದಿ ಮುಚ್ಚಲು ಒಳಗಿಂದ ರಬ್ಬರ್ ಬ್ಯಾಂಡ್ ಒತ್ತಿದ್ದೆ. ರಬ್ಬರು ತಾಗಿದ ಕಡೆ ಸಿಲಿಕೋನು ಹಸಿಯಾಗಿಯೇ ಉಳಿಯುತ್ತದೆ ಎಂದು ನೀನು ನೂರು ಸಲ ಹೇಳಿದ್ದೆ, ನಾನು ನೂರು ಸಲ ಪೇಪರು ಓದುತ್ತಿದ್ದೆ. ಎರಡನೆಯದು ಗೆದ್ದಿತು. ಅಸಲಿಗೆ ಒಂದು ಗೀರೂ ಬೀಳಲಿಲ್ಲ. ಬೀಗಿದೆ, ಗೋಪಣ್ಣ. ಆ ಮಂಗಳವಾರ ಹತ್ತು ನಿಮಿಷ ಬಹಳ ಬೀಗಿದೆ.

ಚಕ್ರ ಕೂರಿಸಲು ಬಸ್ಸನ್ನು ತಲೆಕೆಳಗು ಮಾಡಿದಾಗ ಕಿಟಕಿಯಿಂದ ನಿನ್ನ ಓರೆ ಅಕ್ಷರದ ಚೀಟಿ ಬಿತ್ತು. "ಚಕ್ರ ತೊಳೆಯಕೂಡದು. ಕೂಸು ಆಡಿದ ಮಣ್ಣು."

ಲಲಿತಕ್ಕನಿಗೆ ಒಬ್ಬಳೇ ಮಗಳಿದ್ದಳು, ಆರು ವರ್ಷಕ್ಕೆ ಜ್ವರ ಬಂದು ಹೋದಳು ಎಂಬುದು ನನಗೂ ಗೊತ್ತಿದ್ದ ಹಳೆಯ ಸುದ್ದಿ. ಆ ಮಗು ಅಂಗಳದಲ್ಲಿ ಓಡಿಸಿದ ಬಸ್ಸಿನ ಮಣ್ಣನ್ನು ತಾಯಿ ಮೂವತ್ತು ವರ್ಷ ಉದುರದಂತೆ ಇಟ್ಟುಕೊಂಡಿದ್ದಾಳೆ ಎಂದು ನಿನಗೆ ಹೇಗೆ ತಿಳಿಯಿತು? ಕೇಳಿದ್ದರಿಂದ. ನೂರರಲ್ಲಿ ತೊಂಬತ್ತೊಂಬತ್ತು ಮಂದಿ "ತೊಳೀರಿ" ಎನ್ನುತ್ತಾರೆ. ಉಳಿದ ಒಬ್ಬರಿಗಾಗಿ ನೀನು ಎಲ್ಲರನ್ನೂ ಕೇಳುತ್ತಿದ್ದೆ, ನಾನು ಅದನ್ನು ಹಿಡಿದು ಊರನ್ನೇ ನಗಿಸಿ... ಮಣ್ಣು ಅಲುಗದಂತೆ ನೀನು ಅಚ್ಚು ಹೇಗೆ ತೆಗೆಯುತ್ತಿದ್ದೆ? ಅದನ್ನು ಚೀಟಿಯಲ್ಲಿ ಬರೆದಿರಲಿಲ್ಲ.

ಒಂದು ಚಿಟಿಕೆ ಮಣ್ಣು ಕಲಸಿ ಮೆತ್ತಿಬಿಡಲೇ ಎಂಬ ಯೋಚನೆ ಬಂತು. ಬಂದದ್ದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಗುರುವಾರ ಶೃಂಗೇರಿ ಬಸ್ಸು ಹತ್ತಿ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅಡ್ಡಗದ್ದೆಗೆ ಹೋದೆ. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಲಲಿತಕ್ಕ ತೊಳೆದ ಚಕ್ರವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ತೊಳೆದ ನೀರು ಎಲ್ಲಿ ಚೆಲ್ಲಿದೆ?"

"ಅಂಗಡಿ ಹಿಂದಿನ ಚರಂಡಿಗೆ."

ಅವರು ಆ ಚಕ್ರವನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟರು.

"ಉಳಿದೆರಡು?"

"ಮುಟ್ಟಲಿಲ್ಲ ಲಲಿತಕ್ಕ."

"ಹಾಂಗಾರೆ ತೊಳೆದಿದ್ದೂ ಹೊಸತೂ ಗೋಡೆ ಬದಿಗೆ ಇರ್ಲಿ. ಮಣ್ಣಿಂದು ಎರಡೂ ನಂಗೆ ಕಾಣೋ ಬದಿಗೆ." ನಾನು ಕೈ ಚಾಚಿದೆ. "ನೀ ಬ್ಯಾಡ. ನಾನೇ ಹಾಕ್ತೆ."

ಸೆರಗಿನ ತುದಿಯಲ್ಲಿ ಹಿಡಿದು, ಉಸಿರು ಕೂಡ ತಾಗದ ಹಾಗೆ ಒಂದೊಂದನ್ನೇ ಕೂರಿಸಿದರು. ಬಸ್ಸು ಗೋಡೆಯ ಗೂಡಿನಲ್ಲಿ ವಾಲದೆ ನಿಂತಿತು. ನನಗೆ ಕಾಫಿ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ನಾನೂ ಸ್ವಲ್ಪ...

ಆ ಹಳೆಯ ಅಂಕಣಕ್ಕೆ ತಿದ್ದುಪಡಿ ಬರೆದು ಕಳಿಸಿದ್ದೇನೆ. ಒಂದು ಸಾಲಿನಲ್ಲೂ ನಗು ಇಲ್ಲ. ಸಂಪಾದಕರು ಫೋನು ಮಾಡಿ "ಹುಷಾರಾಗಿದ್ದೀರಾ?" ಎಂದರು. ಭಾನುವಾರಗಳಲ್ಲಿ ಅಂಗಡಿ ತೆರೆಯಲು ಶಾರದತ್ತಿಗೆ ಕೀಲಿ ಕೊಟ್ಟಿದ್ದಾರೆ. ನಿನ್ನ ಪ್ರಶ್ನೆಯನ್ನು ದೊಡ್ಡ ದನಿಯಲ್ಲೇ ಕೇಳುತ್ತೇನೆ, ಮಾತು ಕೊಟ್ಟೆ. ನಗುವವರು ನಗಲಿ.

ಒಂದು ಸಣ್ಣ ಕೆಲಸ ಮಾಡಿಕೊಡು. ಅಲ್ಲಿ ಆರು ವರ್ಷದ ಒಂದು ಕೂಸು ಎದುರು ನಿಂತು, ನನ್ನ ಬಸ್ಸಿನ ಚಕ್ರ ತೊಳೆದದ್ದು ಯಾರು ಎಂದು ಜಗಳ ತೆಗೆದರೆ, ಅಮ್ಮ ಅಲ್ಲ ಎಂದು ಮೊದಲು ಹೇಳು. ನಿನ್ನ ಸ್ವಭಾವ ಗೊತ್ತು, ತಪ್ಪನ್ನು ನೀನು ಮೈಮೇಲೆ ಹಾಕಿಕೊಳ್ಳಬೇಡ. ನನ್ನ ಹೆಸರು ಹೇಳು, ಊರು ಸಮೇತ.